ಒಂಬತ್ತು ಗಂಟೆಯ ಮಾತ್ರೆ

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು, ಯಾರ ಬಾಕಿ ಎಷ್ಟು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹಾಗಾಗಿ ಮಗಳ ಕಾಯಿಲೆಯನ್ನೂ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟೆ. ಕೆಂಪು ರಟ್ಟಿನ ಉದ್ದ ಪುಸ್ತಕ. ಎಡಗಡೆ ತಾರೀಖು, ಆಮೇಲೆ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಜ್ವರ, ಕೊಟ್ಟ ಔಷಧಿ. ಬಲಗಡೆ ಖರ್ಚು. ಈಗಲೂ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಾಲು 2022ರ ಆಗಸ್ಟ್‌ನದು. ಹಿಮೋಗ್ಲೋಬಿನ್ 5.2. ಬಿಳಿ ಕಣ 46,000. ಪ್ಲೇಟ್‌ಲೆಟ್ 18,000.

ಅದಕ್ಕೂ ಹಿಂದಿನ ಮೂರು ವಾರ ಪುಸ್ತಕದಲ್ಲಿ ಇಲ್ಲ. ಪುಟ್ಟಿಗೆ ಆಗ ನಾಲ್ಕು ವರ್ಷ. ಜ್ವರ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ರಾತ್ರಿ ಕಾಲು ನೋವು ಅಂತ ಅಳುತ್ತಿದ್ದಳು. ಆಟ ಜಾಸ್ತಿ ಆಗಿರಬೇಕು ಅಂತ ನನ್ನ ಹೆಂಡತಿ ಹರಳೆಣ್ಣೆ ಬಿಸಿ ಮಾಡಿ ಉಜ್ಜುತ್ತಿದ್ದಳು. ಮೊಣಕಾಲ ಕೆಳಗೆ ನೀಲಿ ಕಲೆಗಳಿದ್ದವು. ಮಕ್ಕಳು ಅಲ್ಲಿ ಇಲ್ಲಿ ತಗುಲಿಸಿಕೊಳ್ಳುತ್ತಾರೆ ಅಲ್ವಾ, ನಾವೂ ಹಾಗೇ ಅಂದುಕೊಂಡೆವು. ಒಂದು ಕ್ಲಿನಿಕ್‌ನಲ್ಲಿ ವೈರಲ್ ಜ್ವರ ಅಂದರು. ಇನ್ನೊಂದರಲ್ಲಿ ಟೈಫಾಯ್ಡ್ ಅಂತ ಏಳು ದಿನದ ಔಷಧಿ ಕೊಟ್ಟರು. ಯಾರೂ ರಕ್ತ ಪರೀಕ್ಷೆ ಮಾಡಿಸಿ ಅನ್ನಲಿಲ್ಲ. ನಾವೂ ಕೇಳಲಿಲ್ಲ. ನೂರಾರು ರೂಪಾಯಿಯ ಪರೀಕ್ಷೆ ಅಷ್ಟೇ. ಕೊನೆಗೆ ಅಂಗನವಾಡಿ ಟೀಚರ್ ಒಬ್ಬರು ಪುಟ್ಟಿಯ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, "ಬಿಳಿಚಿಕೊಂಡುಬಿಟ್ಟಿದೆ, ಮೊದಲು ರಕ್ತ ತೋರಿಸಿ ಅಣ್ಣ" ಅಂದರು. ರಿಪೋರ್ಟ್ ಕೊಡುವ ಬದಲು ಲ್ಯಾಬಿನವರೇ ಫೋನ್ ಮಾಡಿದರು. ಆಗಲೇ ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು ಬೆಂಗಳೂರಿಗೆ ಹೋದೆವು. ಈ ಚೀಟಿ ಮುಖ್ಯ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಆದರೆ ದೊಡ್ಡಾಸ್ಪತ್ರೆಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯವರು ಕಳಿಸಿದ ಕಾಗದ ಇರಬೇಕು. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30 ಮಾತ್ರ. ನಮ್ಮ ವಾರ್ಡಿನಲ್ಲಿ ಒಬ್ಬರು ಈ ಕಾಗದವಿಲ್ಲದೆ ಬಂದು, ರಾಯಚೂರಿಗೆ ವಾಪಸ್ ಹೋಗಿ ತರಬೇಕಾಯಿತು. ಮಗುವನ್ನು ಇಲ್ಲಿ ಬಿಟ್ಟು.

ಕಿದ್ವಾಯಿ ಇರುವುದು ಡೈರಿ ಸರ್ಕಲ್ ಹತ್ತಿರ, ನಿಮ್ಹಾನ್ಸ್ ಆಸುಪಾಸಿನಲ್ಲಿ. 1973ರಲ್ಲಿ ಶುರುವಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಬೆಳಿಗ್ಗೆ ಏಳಕ್ಕೇ ಗೇಟಿನ ಮುಂದೆ ಬೀದರ್‌ನಿಂದ, ಬಳ್ಳಾರಿಯಿಂದ, ಆಂಧ್ರದಿಂದ ಬಂದವರು ಚಾಪೆ ಸುತ್ತಿಟ್ಟುಕೊಂಡು ಕೂತಿರುತ್ತಾರೆ. ಅಷ್ಟೊಂದು ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೀಡಿ ಸೇದುವವರಿಗೆ ಬರುವ ಕಾಯಿಲೆ ಅಂದುಕೊಂಡಿದ್ದೆ.

ಮಕ್ಕಳ ವಿಭಾಗದ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: "ಊರಲ್ಲಿ ಯಾರಾದರೂ ಸ್ಟೀರಾಯ್ಡ್ ಕೊಟ್ಟಿದ್ದಾರಾ? ಹಳೇ ಚೀಟಿ ಎಲ್ಲ ತೋರಿಸಿ." ಯಾಕೆ ಅಂತ ಆಮೇಲೆ ತಿಳಿಯಿತು. ಈ ಕಾಯಿಲೆಗೆ ಸ್ಟೀರಾಯ್ಡೇ ಒಂದು ಔಷಧಿ. ರೋಗ ಯಾವುದು ಅಂತ ಗೊತ್ತಾಗುವ ಮೊದಲೇ ಸ್ವಲ್ಪ ಕೊಟ್ಟುಬಿಟ್ಟರೆ ಕೆಟ್ಟ ಕಣಗಳು ಸ್ವಲ್ಪ ಸಾಯುತ್ತವೆ, ಸ್ವಲ್ಪ ಅಡಗಿಕೊಳ್ಳುತ್ತವೆ, ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ನಮ್ಮ ಪುಣ್ಯ, ಪುಟ್ಟಿಗೆ ಯಾರೂ ಕೊಟ್ಟಿರಲಿಲ್ಲ.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಮಂಪರು ಬರಿಸಿಯೇ ತೆಗೆಯುತ್ತಾರೆ, ಮಗುವಿಗೆ ನೆನಪಿರುವುದಿಲ್ಲ. ನನಗೆ ನೆನಪಿದೆ. ಎರಡು ದಿನದ ಮೇಲೆ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡರು. "ಏನು ಕೆಲಸ ಮಾಡ್ತೀರಿ?" ಅಂದರು. ಹೇಳಿದೆ. "ತೋಟ ಇದೆಯಾ?" ಮಾವನದು ಇದೆ ಅಂದೆ. "ಹಾಗಾದ್ರೆ ಕೇಳಿ. ಮೂಳೆ ಒಳಗೆ ರಕ್ತ ಹುಟ್ಟುವ ಪಾತಿ ಇದೆ. ಅಲ್ಲಿ ಸಸಿಗಿಂತ ಕಳೆ ಜಾಸ್ತಿ ಆಗಿದೆ. ಅದಕ್ಕೇ ರಕ್ತ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ, ಜ್ವರ. ಕಳೆ ಕೀಳ್ತೀವಿ. ಕೀಳುವಾಗ ಸಸಿನೂ ಬರುತ್ತೆ. ಸಸಿ ಮತ್ತೆ ಚಿಗುರುತ್ತೆ. ಕಳೆ ಕಣ್ಣಿಗೆ ಕಾಣದಿದ್ದರೂ ಮತ್ತೆ ಮತ್ತೆ ಕೀಳ್ತಾನೇ ಇರಬೇಕು. ಎರಡೂವರೆ ವರ್ಷ."

ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಒಂದು ಬಗೆಯ ರಕ್ತ ಕ್ಯಾನ್ಸರ್. ವಾರ್ಡಿನಲ್ಲಿ ಎಲ್ಲರೂ ಎಎಲ್‌ಎಲ್ ಅನ್ನುತ್ತಾರೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು. ಎರಡರಿಂದ ಐದು ವರ್ಷದ ಮಕ್ಕಳಿಗೆ ಜಾಸ್ತಿ. ಬಿಳಿ ಕಣ 50,000ಕ್ಕಿಂತ ಕಡಿಮೆ, ವಯಸ್ಸು ಒಂದರಿಂದ ಹತ್ತರೊಳಗೆ ಇದ್ದರೆ ಒಳ್ಳೆಯ ಗುಂಪು ಅಂತ ಎಣಿಸುತ್ತಾರೆ. ಪುಟ್ಟಿ ಆ ಗುಂಪಿನಲ್ಲಿದ್ದಳು. "ನಾವು ಏನು ತಿನ್ನಿಸಿದ್ದಕ್ಕೆ ಹಿಂಗಾಯ್ತು ಮೇಡಂ?" ಅಂತ ನನ್ನ ಹೆಂಡತಿ ಕೇಳಿದಳು. ನೀವು ತಿನ್ನಿಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು ಮೇಡಂ. ಅವಳು ನಂಬಲಿಲ್ಲ. ಇವತ್ತಿಗೂ ಪೂರ್ತಿ ನಂಬಿಲ್ಲ.

ಮೊದಲ ಐದು ವಾರ ಇಂಡಕ್ಷನ್, ಅಂದರೆ ಚಿಕಿತ್ಸೆಯ ಮೊದಲ ಹಂತ. ಮೊದಲ ವಾರ ಬರೀ ಸ್ಟೀರಾಯ್ಡ್ ಮಾತ್ರೆ, ಬೆನ್ನಿಗೆ ಒಂದು ಇಂಜೆಕ್ಷನ್, ಸಿಕ್ಕಾಪಟ್ಟೆ ಸಲೈನ್. ಕೆಟ್ಟ ಕಣಗಳು ಒಟ್ಟಿಗೇ ಸತ್ತರೆ ಅದರ ಕಸ ಕಿಡ್ನಿಗೆ ಕಟ್ಟಿಕೊಳ್ಳುತ್ತದಂತೆ. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಉಚ್ಚೆ ಬಂತು, ಎಲ್ಲ ಅಳತೆ. ಎಂಟನೇ ದಿನ ರಕ್ತ ನೋಡಿ, ಸ್ಟೀರಾಯ್ಡಿಗೆ ಕಾಯಿಲೆ ಬಗ್ಗಿದೆ ಅಂದರು. ಆಮೇಲೆ ಕೀಮೊ ಔಷಧಿಗಳು, ವಾರಕ್ಕೊಂದು ವಿನ್‌ಕ್ರಿಸ್ಟಿನ್, ತೊಡೆಗೆ ಆಸ್ಪರಾಜಿನೇಸ್.

ಬೆನ್ನಿಗೆ ಇಂಜೆಕ್ಷನ್ ಇರುವ ದಿನ ವಿನ್‌ಕ್ರಿಸ್ಟಿನ್ ಆ ಕೋಣೆಯೊಳಗೆ ಬರುವುದೇ ಇಲ್ಲ. ಯಾಕೆ ಅಂತ ಸಿಸ್ಟರ್ ಅವರನ್ನು ಕೇಳಿದೆ. ನರಕ್ಕೆ ಕೊಟ್ಟರೆ ಔಷಧಿ, ತಪ್ಪಿ ಬೆನ್ನಿಗೆ ಕೊಟ್ಟರೆ ಜೀವ ಉಳಿಯಲ್ಲ ಅಂದರು. ಅದಕ್ಕೇ ಅದನ್ನು ಸಿರಿಂಜಿನಲ್ಲಿ ತುಂಬದೆ ಸಣ್ಣ ಸಲೈನ್ ಚೀಲಕ್ಕೆ ಹಾಕಿ ಕೊಡುತ್ತಿದ್ದರು. ಇಬ್ಬರು ಸಿಸ್ಟರ್‌ಗಳು ಎದುರುಬದುರು ನಿಂತು ಮಗುವಿನ ಹೆಸರು, ಔಷಧಿ ಹೆಸರು, ಅಳತೆ ಗಟ್ಟಿಯಾಗಿ ಓದುವರು. ಮಂಡಿಯಲ್ಲಿ ತೂಕ ಕೂಗುವ ಹಾಗೆ. ನನಗೆ ಆಸ್ಪತ್ರೆಯಲ್ಲಿ ಮೊದಲ ಸಲ ಧೈರ್ಯ ಬಂದಿದ್ದು ಆ ಕೂಗು ಕೇಳಿದಾಗ.

ಈ ವಿನ್‌ಕ್ರಿಸ್ಟಿನ್ ನಿತ್ಯಪುಷ್ಪದ ಗಿಡದಿಂದ ಬಂದಿದ್ದು. ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ನಮ್ಮ ಮನೆ ಮುಂದೆ, ತುಳಸಿ ಕಟ್ಟೆ ಪಕ್ಕ, ಯಾರೂ ನೀರು ಹಾಕದಿದ್ದರೂ ಗುಲಾಬಿ ಬಣ್ಣದ ಹೂ ಬಿಡುತ್ತಲೇ ಇರುತ್ತದೆ. ಇದು ಯಾರ ಬಾಯಿಂದಲೋ ಊರಿಗೆ ಗೊತ್ತಾಗಿ, ಪಕ್ಕದ ಮನೆ ಅಜ್ಜಿ ಒಂದು ಹಿಡಿ ಎಲೆ ಕಿತ್ತು, ಕಷಾಯ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತಂದುಬಿಟ್ಟರು. ಬೆಂಗಳೂರಿಗೆ, ಬಸ್ಸಿನಲ್ಲಿ. ಪ್ರೀತಿಗೆ ಏನು ಹೇಳೋದು. "ಅಜ್ಜಿ, ಒಂದು ಮಿಲಿಗ್ರಾಂ ಹೆಚ್ಚು ಕಡಿಮೆ ಆಗಬಾರದು ಅಂತ ಇಬ್ಬರು ಓದಿ ಕೊಡ್ತಾರೆ. ಕಷಾಯದಲ್ಲಿ ಎಷ್ಟಿದೆ ಅಂತ ಯಾರು ಓದ್ತಾರೆ?" ಅಂದೆ. ಅಜ್ಜಿ ಡಬ್ಬಿ ತೊಳೆದು ವಾಪಸ್ ತಗೊಂಡು ಹೋದರು. ಬೇಜಾರಾಗಿತ್ತು ಅನ್ನಿಸುತ್ತದೆ.

ಸ್ಟೀರಾಯ್ಡಿನ ಹಸಿವನ್ನು ನೋಡಿದವರಿಗೇ ಗೊತ್ತು. ರಾತ್ರಿ ಎರಡು ಗಂಟೆಗೆ ಎದ್ದು "ಚಿತ್ರಾನ್ನ" ಅನ್ನುವಳು. ಕೊಟ್ಟರೆ ಅರ್ಧ ತಿಂದು "ಇದಲ್ಲ, ವಡೆ" ಅನ್ನುವಳು. ಬರುವಾಗ ರೈಲಿನಲ್ಲಿ ಒಬ್ಬ ಬುಟ್ಟಿ ಹೊತ್ತು ಮಸಾಲೆ ವಡೆ ಮಾರುತ್ತಿದ್ದ, ಅವಳಿಗೆ ಅದೇ ತಲೆಗೆ ಹತ್ತಿಬಿಟ್ಟಿತ್ತು. ಹೊರಗಿನ ತಿಂಡಿ ಪೂರ್ತಿ ನಿಷೇಧ. ಹಣ್ಣು ಅಂದರೆ ಸಿಪ್ಪೆ ಸುಲಿಯುವಂಥದ್ದು, ನೀರು ಕುದಿಸಿದ್ದು, ಅನ್ನ ಆಗತಾನೇ ಮಾಡಿದ್ದು. ಧರ್ಮಶಾಲೆಯಲ್ಲಿ ಒಂದೇ ಒಲೆಗೆ ಸರದಿ ನಿಂತು ನನ್ನ ಹೆಂಡತಿ ವಡೆಯ ಬದಲು ಪಡ್ಡು ಮಾಡಿ ಕೊಟ್ಟಳು. ಪುಟ್ಟಿ ಅದನ್ನು ಎಸೆದಳು. ಮುಖ ಬೆಲ್ಲದ ಅಚ್ಚಿನ ಹಾಗೆ ದುಂಡಗಾಗಿತ್ತು, ಕೈಕಾಲು ಕಡ್ಡಿ. ಮುಟ್ಟಿದರೆ ಸಿಟ್ಟು. ಇದು ಮಗಳ ಸಿಟ್ಟಲ್ಲ, ಮಾತ್ರೆಯ ಸಿಟ್ಟು ಅಂತ ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು. ಒಂದು ರಾತ್ರಿ ನಾನು ಗದರಿಬಿಟ್ಟೆ. ಅದು ಪುಸ್ತಕದಲ್ಲಿ ಇಲ್ಲ.

ಪ್ಲೇಟ್‌ಲೆಟ್ ವಿಷಯ ಹೇಳಲೇಬೇಕು. ರಕ್ತ ಆದರೆ ಫ್ರಿಜ್‌ನಲ್ಲಿ ತಿಂಗಳಿಗೂ ಹೆಚ್ಚು ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ, ಐದು ದಿನ ಅಷ್ಟೇ, ಅದೂ ಫ್ರಿಜ್ ಹೊರಗೆ, ಅಲುಗಾಡಿಸುತ್ತಾ ಇಡಬೇಕು. ಹಾಗಾಗಿ ಬೇಕು ಅಂದ ದಿನ ಜನ ಬೇಕು. ನನಗೆ ಬೆಂಗಳೂರಿನಲ್ಲಿ ಯಾರಿದ್ದಾರೆ? ಮಂಡಿಗೆ ಫೋನ್ ಮಾಡಿದೆ. ಮಾರನೇ ದಿನ ಬೆಳಗಿನ ರೈಲಿಗೆ ಆರು ಜನ ಹಮಾಲಿಗಳು ಬಂದಿಳಿದರು. ಎಲ್ಲರದೂ ನೂರು ಚೀಲ ಹೊತ್ತು ಗಟ್ಟಿಯಾದ ತೋಳು, ಹಗ್ಗದಂಥ ನರ. ರಕ್ತನಿಧಿಯ ಹುಡುಗಿ ನರ ನೋಡಿ ನಕ್ಕುಬಿಟ್ಟಳು. ಆದರೆ ಆರರಲ್ಲಿ ಒಬ್ಬನದು ಹಿಮೋಗ್ಲೋಬಿನ್ ಕಡಿಮೆ. ಇನ್ನೊಬ್ಬ ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ನುಂಗಿದ್ದ, ಮೂರು ದಿನ ಆಗಬೇಕು ಅಂದರು. ಉಳಿದವರಲ್ಲಿ ಒಬ್ಬರದು ಹೊಂದಿತು. ಒಂದು ಕೈಯಿಂದ ರಕ್ತ ತೆಗೆದು, ಯಂತ್ರದೊಳಗೆ ಪ್ಲೇಟ್‌ಲೆಟ್ ಮಾತ್ರ ಬೇರೆ ಮಾಡಿ, ಮಿಕ್ಕಿದ್ದನ್ನು ಮತ್ತೆ ಮೈಗೇ ಬಿಡುತ್ತಾರೆ. ಒಂದೂವರೆ ಗಂಟೆ ಅಲುಗದೆ ಮಲಗಿದ್ದ ಅವರು ಎದ್ದು ಕೇಳಿದ್ದು: "ರೈಟ್ರೇ, ವಾಪಸ್ ಬಂದಿದ್ದು ನನ್ ರಕ್ತಾನೇ ತಾನೇ?"

ಚೀಲದಲ್ಲಿದ್ದದ್ದು ಕೆಂಪಗಿರಲಿಲ್ಲ. ತಿಳಿ ಹಳದಿ, ಗಂಜಿಯ ತಿಳಿಯ ಹಾಗೆ. ಅದು ಹನಿ ಹನಿಯಾಗಿ ಒಳಗೆ ಹೋದ ಮೇಲೆ ಪುಟ್ಟಿಯ ಮೂಗಿನ ರಕ್ತ ನಿಂತಿತು.

ಐದನೇ ವಾರದ ಮಜ್ಜೆ ಪರೀಕ್ಷೆಯಲ್ಲಿ ಹತ್ತು ಸಾವಿರ ಕಣದಲ್ಲಿ ಒಂದೂ ಕೆಟ್ಟದ್ದು ಉಳಿದಿರಲಿಲ್ಲ. ಮೇಡಂ ನಕ್ಕಿದ್ದು ಅವತ್ತು. ನಮಗೆ ಮುಗಿಯಿತು ಅನ್ನಿಸಿತು. ನಮ್ಮ ಪಕ್ಕದ ಮಂಚದವರಿಗೂ ಹಾಗೇ ಅನ್ನಿಸಿತ್ತು. ಅವರ ಮಗ ಏಳು ವರ್ಷದವನು, ಕೇರಂ ಆಡುವುದರಲ್ಲಿ ಜೋರು. ಬಿತ್ತನೆ ಸಮಯ, ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಇವನು ಓಡಾಡಿಕೊಂಡಿದ್ದಾನೆ. ಊರಿಗೆ ಹೋದವರು ಬರಲಿಲ್ಲ. ಆಸ್ಪತ್ರೆಯಿಂದ ಫೋನ್ ಮಾಡುತ್ತಲೇ ಇದ್ದರು. ಐದು ತಿಂಗಳ ಮೇಲೆ ಹುಡುಗನನ್ನು ಎತ್ತಿಕೊಂಡು ಬಂದರು. ನಾನು ಆ ವಾರ ಅಲ್ಲೇ ಇದ್ದೆ. ಅವರನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನಗೆ ಸಂಬಳ ಹಿಡಿಯದ ಸಾವ್ಕಾರರಿದ್ದರು, ಅವರಿಗೆ ಇರಲಿಲ್ಲ.

ಮುಂದಿನ ಏಳೆಂಟು ತಿಂಗಳು ತಿಪಟೂರು–ಬೆಂಗಳೂರು, ಬೆಂಗಳೂರು–ತಿಪಟೂರು. ರೈಲಿನಲ್ಲಿ ಮೂರು ಗಂಟೆ. ಕ್ಯಾನ್ಸರ್ ರೋಗಿಗೆ, ಜೊತೆಯವರೊಬ್ಬರಿಗೆ ಟಿಕೆಟ್ ರಿಯಾಯಿತಿ ಇದೆ, ಆಸ್ಪತ್ರೆಯವರು ಫಾರಂ ತುಂಬಿ ಕೊಡುತ್ತಾರೆ. ನಡುವೆ ಒಂದು ಕೆಂಪು ಔಷಧಿ ಬರುತ್ತದೆ, ಮಾರನೇ ದಿನ ಉಚ್ಚೆ ಕೆಂಪಗೆ. ಮೊದಲೇ ಹೇಳಿದ್ದರೂ ನಾವು ಗಾಬರಿಯಾದೆವು. ಕೂದಲು ಹೋಯಿತು. ಕೂದಲಿಗೆ ಜನ ಮಾಡುವ ಗೋಳು ನೋಡಿದರೆ ನನಗೆ ಆಶ್ಚರ್ಯ. ಅದು ಬರುತ್ತದೆ. ಜ್ವರದ ರಾತ್ರಿಗೆ ಹೋಲಿಸಿದರೆ ಕೂದಲು ಏನೂ ಅಲ್ಲ.

ಜ್ವರದ ರಾತ್ರಿ ಅಂದೆ. ಅದಕ್ಕೆ ಎಎನ್‌ಸಿ ಅನ್ನುವ ಲೆಕ್ಕ ಗೊತ್ತಿರಬೇಕು. ಒಟ್ಟು ಬಿಳಿ ಕಣದಲ್ಲಿ ಸೋಂಕು ತಡೆಯುವ ನ್ಯೂಟ್ರೋಫಿಲ್ ಕಣ ಎಷ್ಟಿವೆ ಅಂತ ಶೇಕಡ ಹಾಕಿ ತೆಗೆಯುವುದು. ಬಿಳಿ ಕಣ 1,800, ನ್ಯೂಟ್ರೋಫಿಲ್ ಶೇಕಡ 22 ಅಂದರೆ 396. ಐನೂರಕ್ಕಿಂತ ಕೆಳಗೆ ಹೋದರೆ ಕಾವಲುಗಾರರು ಇಲ್ಲದ ಗೋದಾಮು. ಆಗ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಪ್ಯಾರಾಸಿಟಮಾಲ್ ಕೊಟ್ಟು ಮುಚ್ಚಿಡುವ ಹಾಗಿಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ನಮ್ಮಂಥ ದೂರದೂರಿನವರಿಗೆ ಮೇಡಂ ಒಂದು ಕಾಗದ ಬರೆದುಕೊಟ್ಟಿದ್ದರು: ಯಾವ ಔಷಧಿ, ಎಷ್ಟು, ಯಾವ ನಂಬರಿಗೆ ಫೋನ್. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದೆ.

ಮಾರ್ಚ್‌ನಲ್ಲಿ ಒಂದು ರಾತ್ರಿ, 11.40. ಥರ್ಮಾಮೀಟರ್ 101.2. ಎರಡು ದಿನದ ಹಿಂದಿನ ಎಎನ್‌ಸಿ 90. ಕಾಗದ ಹಿಡಿದು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಕಾಗದ ಓದಿ, ಪುಟ್ಟಿಯನ್ನು ನೋಡಿ, "ಕ್ಯಾನ್ಸರ್ ಕೇಸು, ನಾವು ಮುಟ್ಟಲ್ಲ, ಬೆಂಗಳೂರಿಗೆ ಹೋಗಿ" ಅಂದ. ಅವನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು, ಆದರೆ ಮೂರು ಗಂಟೆ ನಮ್ಮ ಹತ್ತಿರ ಇರಲಿಲ್ಲ. ವಾರ್ಡಿನ ನಂಬರಿಗೆ ಫೋನ್ ಹಚ್ಚಿ ಅವನ ಕಿವಿಗೇ ಹಿಡಿದೆ. ಆ ಕಡೆಯಿಂದ ಏನಂದರೋ. "ಸರಿ ಮೇಡಂ, ಸರಿ ಮೇಡಂ" ಅಂತ ನಾಲ್ಕು ಸಲ ಅಂದು, ತಾನೇ ಔಷಧಿ ಕಲಸಿದ. 12.25ಕ್ಕೆ ಮೊದಲ ಡೋಸ್. ನಾನು ಬರೆದುಕೊಂಡಿದ್ದೇನೆ. ಸಾವ್ಕಾರರ ಕಾರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ವಾರ್ಡು ಮುಟ್ಟಿದೆವು. ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಹನ್ನೊಂದು ದಿನ ಇದ್ದೆವು. ಊರಿಗೆ ಬಂದ ಮೇಲೆ ಆ ಹುಡುಗ ಡಾಕ್ಟರಿಗೆ ಒಂದು ಡಜನ್ ಬಾಳೆಹಣ್ಣು ಕೊಟ್ಟು ಬಂದೆ. ಅವನಿಗೆ ನಾಚಿಕೆಯಾಯಿತು.

ಆ ಹನ್ನೊಂದು ದಿನದಲ್ಲೇ ಒಂದು ಸಂಗತಿ ತಿಳಿದಿದ್ದು. ಎದುರು ಮಂಚದಲ್ಲಿ ಅನಂತಪುರದ ಒಬ್ಬ ತಂದೆ. ಮೆಥೊಟ್ರೆಕ್ಸೇಟ್ ಅನ್ನುವ ಔಷಧಿಯ ಹೆಸರು ಬಾಯಿಗೆ ಬರದೆ ಒದ್ದಾಡುತ್ತಿದ್ದರು. ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರ್ ನಗುತ್ತಾ, "ಇದರ ಹಿಂದೆ ನಿಮ್ಮ ಕಡೆಯವರೇ ಇದ್ದಾರೆ" ಅಂದರು. ಯಲ್ಲಾಪ್ರಗಡ ಸುಬ್ಬರಾವ್ ಅಂತ, ಆಂಧ್ರದವರು, ಅಮೆರಿಕದ ಲೆಡರ್ಲೆ ಕಂಪನಿಯಲ್ಲಿದ್ದರು. ಅವರ ಗುಂಪು ತಯಾರಿಸಿಕೊಟ್ಟ ಅಮಿನಾಪ್ಟೆರಿನ್ ಅನ್ನುವ ಔಷಧಿಯನ್ನು ಬೋಸ್ಟನ್‌ನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು ನೋಡಿದರು. ಹತ್ತು ಮಕ್ಕಳು ಸ್ವಲ್ಪ ಕಾಲವಾದರೂ ಸುಧಾರಿಸಿಕೊಂಡರು. 1948ರಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಮೊದಲು ಈ ಕಾಯಿಲೆಗೆ ಔಷಧಿಯೇ ಇರಲಿಲ್ಲ. ಮೆಥೊಟ್ರೆಕ್ಸೇಟ್ ಅದರ ತಮ್ಮ. ಅನಂತಪುರದವರು ಆ ಹೆಸರನ್ನು ಮಗನ ಫೈಲಿನ ಮೇಲೆ ತೆಲುಗಿನಲ್ಲಿ ಬರೆದುಕೊಂಡರು. ದೇವರ ಹೆಸರು ಬರೆಯುವ ಜಾಗದಲ್ಲಿ.

ದೊಡ್ಡ ಕೀಮೊ ಎಲ್ಲ ಮುಗಿದು ಮೇಂಟೆನೆನ್ಸ್ ಶುರುವಾಯಿತು. ಎಲ್ಲರೂ "ಇನ್ನು ಆರಾಮ" ಅಂದರು. ನಾನು ಇದನ್ನು ಬರೆಯುತ್ತಿರುವುದೇ ಆ ಮಾತಿಗೆ. ಆರಾಮ ಅಲ್ಲ. ಇಲ್ಲಿಯವರೆಗೆ ಸಿಸ್ಟರ್‌ಗಳು, ಡಾಕ್ಟರ್‌ಗಳು ಮಾಡುತ್ತಿದ್ದ ಕೆಲಸ ಈಗ ಅಡುಗೆಮನೆ ಕಪಾಟಿಗೆ ಬರುತ್ತದೆ. ಒಂದು ವರ್ಷ ಅಲ್ಲ, ಹತ್ತಿರ ಹತ್ತಿರ ಎರಡು ವರ್ಷ.

ರಾತ್ರಿ ಒಂಬತ್ತಕ್ಕೆ ಮರ್ಕ್ಯಾಪ್ಟೊಪ್ಯೂರಿನ್ ಅನ್ನುವ ಕೀಮೊ ಮಾತ್ರೆ, ಚಿಕ್ಕದಾಗಿ 6-ಎಂಪಿ. ಮಾತ್ರೆ 50 ಮಿಲಿಗ್ರಾಂನದು. ಪುಟ್ಟಿಯ ಅಳತೆಗೆ ವಾರದಲ್ಲಿ ನಾಲ್ಕು ದಿನ ಒಂದು, ಮೂರು ದಿನ ಅರ್ಧ. ಹಾಲಿನ ಜೊತೆ ಬೇಡ ಅಂದಿದ್ದರು. ಗುರುವಾರ ಮೆಥೊಟ್ರೆಕ್ಸೇಟ್ ಐದು ಮಾತ್ರೆ. ಗುರುವಾರ ಮಾತ್ರ. ವಾರಕ್ಕೊಮ್ಮೆಯ ಈ ಮಾತ್ರೆಯನ್ನು ದಿನಾ ಕೊಟ್ಟರೆ ಮಗು ಉಳಿಯುವುದಿಲ್ಲ ಅಂತ ಫಾರ್ಮಸಿಯವರು ಚೀಟಿಯ ಮೇಲೆ ಕೆಂಪಿನಲ್ಲಿ ಎರಡು ಗೆರೆ ಎಳೆದಿದ್ದರು. ಶನಿವಾರ ಭಾನುವಾರ ಶ್ವಾಸಕೋಶದ ಸೋಂಕು ಬಾರದಿರಲು ಬೇರೆ ಮಾತ್ರೆ. ಅರ್ಧ ಮಾಡುವಾಗ ಗ್ಲೌಸ್ ಹಾಕಬೇಕು, ಪುಡಿ ಊದಬಾರದು. ನನ್ನ ತಂಗಿ ಬಸುರಿ, ಹೆರಿಗೆಗೆ ಬಂದಿದ್ದಳು. ಅವಳು ಆ ಡಬ್ಬಿ ಮುಟ್ಟಲೇಬಾರದು ಅಂದರು. ಅವಳ ಗಂಡನ ಮನೆಯವರಿಗೆ ಇದನ್ನು ಹೇಳಿ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು.

ಇದರ ಲೆಕ್ಕ ತಲೆಕೆಳಗು. ಬಿಳಿ ಕಣ ಏರಿದರೆ ನಾವು ಖುಷಿ, ಮೇಡಂ ಮುಖ ಸಪ್ಪೆ. ಎಎನ್‌ಸಿ ಐನೂರರಿಂದ ಸಾವಿರದೈನೂರರ ನಡುವೆ ಇರಬೇಕು. ಅದಕ್ಕಿಂತ ಏರಿದರೆ ಮಾತ್ರೆ ಸಾಲುತ್ತಿಲ್ಲ ಅಂತ, ಇಲ್ಲವೇ ಮನೆಯಲ್ಲಿ ತಪ್ಪುತ್ತಿದೆ ಅಂತ. ಇಳಿದರೆ ಒಂದು ವಾರ ನಿಲ್ಲಿಸಬೇಕು. ಒಂದು ಸಲ ಎಎನ್‌ಸಿ 3,100 ಬಂತು. "ಮಾತ್ರೆ ಎಷ್ಟು ದಿನ ತಪ್ಪಿತು?" ಅಂದರು. "ಒಂದೂ ಇಲ್ಲ ಮೇಡಂ" ಅಂದಳು ನನ್ನ ಹೆಂಡತಿ. ನಾನು ಪುಸ್ತಕ ತೆಗೆದೆ. ಮೂರು ಕಡೆ ಗುರುತು ಇರಲಿಲ್ಲ. ಒಂದು ದಿನ ಮದುವೆ ಮನೆ. ಒಂದು ದಿನ ಮಗು ಬೇಗ ಮಲಗಿತ್ತು, ಎಬ್ಬಿಸಲು ಮನಸ್ಸು ಬರಲಿಲ್ಲ. ಇನ್ನೊಂದು ದಿನ ನಾನು.

ಅದು 2023. ಕೊಬ್ಬರಿ ಬೆಲೆ ಬಿದ್ದು ಮಣ್ಣಾಗಿತ್ತು. ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಅಂತ ಇದ್ದರೂ ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ರೈತರು ಧರಣಿ ಕೂತಿದ್ದರು. ಮಂಡಿಯಲ್ಲಿ ಲೆಕ್ಕ ಕೂಡಿ ಕಳೆದು ಹತ್ತೂವರೆಗೆ ಮನೆಗೆ ಬಂದೆ. ಹೆಂಡತಿ ತವರಿಗೆ ಹೋಗಿದ್ದಳು, ಆ ರಾತ್ರಿ ಮಾತ್ರೆ ನನ್ನ ಜವಾಬ್ದಾರಿ. ಪುಟ್ಟಿ ಅಮ್ಮನ ಸೀರೆ ಹೊದ್ದು ಮಲಗಿದ್ದಳು. ಕೆನ್ನೆಯಲ್ಲಿ ಬಣ್ಣ ಇತ್ತು, ತಲೆಯಲ್ಲಿ ಗುಂಗುರು ಕೂದಲು. ಮೊದಲು ಅವಳ ಕೂದಲು ನೆಟ್ಟಗಿತ್ತು. ಇಷ್ಟು ಚೆನ್ನಾಗಿರುವ ಮಗುವನ್ನು ಎಬ್ಬಿಸಿ ವಿಷದಂಥ ಮಾತ್ರೆ ಯಾಕೆ ತುರುಕಬೇಕು ಅನ್ನಿಸಿತು. ಒಂದು ದಿನ ತಾನೇ. ಮಲಗಿಬಿಟ್ಟೆ.

ಮೇಡಂ ಬೈಯಲಿಲ್ಲ. ಪುಸ್ತಕ ಹಿಂದೆ ಕೊಟ್ಟು, "ಮಗು ಚೆನ್ನಾಗಿ ಕಾಣುವಾಗಲೇ ಇದು ಬೇಕಾಗಿರೋದು" ಅಂದರು ಅಷ್ಟೇ. ಹೊರಗೆ ಬಂದ ಮೇಲೆ ನನಗೆ ಕೇರಂ ಆಡುತ್ತಿದ್ದ ಹುಡುಗ ನೆನಪಾದ. ಅವತ್ತೇ ಫೋನಿನಲ್ಲಿ ಒಂಬತ್ತಕ್ಕೆ ಅಲಾರಂ ಇಟ್ಟೆ, ನನ್ನದರಲ್ಲೂ ಅವಳದರಲ್ಲೂ. ಆಮೇಲೆ ಗುರುತು ತಪ್ಪಿಲ್ಲ.

ಆಮೇಲೆ ಅಮ್ಮ ಬಂತು. ಸೀತಾಳೆ ಸಿಡುಬಿಗೆ ನಮ್ಮ ಕಡೆ ಅಮ್ಮ ಅಂತಲೇ ಅನ್ನುವುದು. ಪುಟ್ಟಿ ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ಅದೇ ಬೆಂಚಿನ ಹುಡುಗಿಯ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದನ್ನು ನನ್ನ ಹೆಂಡತಿ ಹಾಲು ತರುವಾಗ ನೋಡಿದಳು. ಅವರು ಯಾರಿಗೂ ಹೇಳಿರಲಿಲ್ಲ, ಹೇಳುವ ಪದ್ಧತಿಯೂ ಇಲ್ಲ. ಬೇರೆ ಮಕ್ಕಳಿಗೆ ಒಂದು ವಾರದ ತುರಿಕೆ. ಕೀಮೊ ಮಾತ್ರೆಯಲ್ಲಿರುವ ಮಗುವಿಗೆ ಶ್ವಾಸಕೋಶ, ಲಿವರ್ ಹಿಡಿಯಬಹುದು. ಅರ್ಧ ಗಂಟೆಯಲ್ಲಿ ವಾರ್ಡಿಗೆ ಫೋನ್. 6-ಎಂಪಿ ನಿಲ್ಲಿಸಿ, ತಕ್ಷಣ ಬನ್ನಿ ಅಂದರು. ವೈರಸ್ ತಡೆಯುವ ಏಸೈಕ್ಲೋವಿರ್ ಔಷಧಿ ಶುರು ಮಾಡಿದರು. ಮೂರು ವಾರ ದಿನಾ ಬೆಳಿಗ್ಗೆ ಪುಟ್ಟಿಯ ಹೊಟ್ಟೆ, ಬೆನ್ನು ಟಾರ್ಚ್ ಹಾಕಿ ನೋಡುವುದು. ಒಂದು ಗುಳ್ಳೆಯೂ ಏಳಲಿಲ್ಲ. ನನ್ನ ತಾಯಿ ಅಮ್ಮನಿಗೆ ಮೊಸರನ್ನ ಇಟ್ಟು ಹರಕೆ ತೀರಿಸಿದರು. ನಾನು ಬೇಡ ಅನ್ನಲಿಲ್ಲ. ಶಾಲೆಯ ಹೆಡ್‌ಮೇಡಂ ಮಾತ್ರ ಅವತ್ತಿನಿಂದ, ಯಾವ ಮಗುವಿಗೆ ಅಮ್ಮ ಆದರೂ ಮೊದಲು ನಮಗೆ ಫೋನ್ ಮಾಡುತ್ತಿದ್ದರು.

ಕೊನೆಯ ಮಾತ್ರೆ ಅರ್ಧದ್ದು. 2025ರ ಫೆಬ್ರವರಿ. ಗಂಟೆ ಬಾರಿಸಿ, ಕೇಕ್ ಕತ್ತರಿಸಿ ಆಚರಿಸುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಅವತ್ತು ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ನುಂಗಿದಳು. ಮರುದಿನ ಒಂಬತ್ತಕ್ಕೆ ಎರಡು ಫೋನೂ ಹೊಡೆದುಕೊಂಡವು, ಮೂವರೂ ಎದ್ದು ನಿಂತೆವು, ಮಾಡಲು ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಮಾತ್ರೆ ಇದ್ದಾಗಲೇ ಧೈರ್ಯ ಜಾಸ್ತಿ ಇತ್ತು. ಈಗ ಕಾಯುವುದು ಬಿಟ್ಟು ಬೇರೆ ಕೆಲಸ ಇಲ್ಲ. ಆರಂಭದಲ್ಲಿ ತಿಂಗಳಿಗೊಂದು ಚೆಕಪ್, ಆಮೇಲೆ ದೂರ ದೂರ. ಕಾಯಿಲೆ ಮರಳುವುದಾದರೆ ಮೊದಲ ಕೆಲವು ವರ್ಷದಲ್ಲೇ ಹೆಚ್ಚಂತೆ. ಪುಸ್ತಕದಲ್ಲಿ ಇನ್ನೂ ಹಾಳೆ ಉಳಿದಿದೆ.

ಮೊನ್ನೆ ಕಡೂರು ಕಡೆಯವರೊಬ್ಬರು, ನನ್ನ ನಂಬರ್ ಹೇಗೋ ಸಿಕ್ಕಿ ಫೋನ್ ಮಾಡಿದ್ದರು. ಮಗನಿಗೆ ಹೋದ ವಾರ ಗೊತ್ತಾಗಿದೆ. "ಏನೇನು ತಗೊಂಡು ಹೋಗ್ಲಿ ಅಣ್ಣ?" ಅಂದರು. ರೆಫರಲ್ ಚೀಟಿ, ರೇಷನ್ ಕಾರ್ಡು, ಎಲ್ಲರ ಆಧಾರ್, ಐದೈದು ಜೆರಾಕ್ಸ್, ಮುಚ್ಚಳ ಇರುವ ಸ್ಟೀಲ್ ತಟ್ಟೆ ಲೋಟ, ಹಳೇ ಹತ್ತಿ ಸೀರೆ, ಸಣ್ಣ ಕುಕ್ಕರ್ ಅಂದೆ. ಥರ್ಮಾಮೀಟರ್ ಎರಡು, ಒಂದು ಕೈ ಕೊಟ್ಟರೆ ಇನ್ನೊಂದು ಇರಲಿ. ಒಂದು ಲೆಕ್ಕದ ಪುಸ್ತಕ. ಅವರು ಎಲ್ಲ ಬರೆದುಕೊಂಡು, "ಹುಷಾರಾಗ್ತಾನಲ್ವಾ?" ಅಂದರು. ನಮ್ಮ ಮಗಳು ಒಂದನೇ ಕ್ಲಾಸಿನಲ್ಲಿದ್ದಾಳೆ ಅಂದೆ. ಬೇರೆ ಏನು ಹೇಳಲಿ.

ಮಾತ್ರೆ ನಿಂತ ಮೇಲಿನ ಮೂರನೇ ಚೆಕಪ್ಪಿನಲ್ಲಿ, ಇನ್ನು ಮನೆಯವರು ತಿನ್ನುವುದನ್ನೆಲ್ಲ ಇವಳೂ ತಿನ್ನಬಹುದು ಅಂದರು. ವಾಪಸ್ ಬರುವಾಗ ತುಮಕೂರು ದಾಟಿದ ಮೇಲೆ ವಡೆ ಬುಟ್ಟಿ ಬಂತು. ಎರಡೂವರೆ ವರ್ಷ ಕೇಳಿದ್ದ ವಡೆ. ಬಿಸಿ ಇದೆಯಾ ಅಂತ ನನ್ನ ಹೆಂಡತಿ ಮೂರು ಸಲ ಮುಟ್ಟಿ ನೋಡಿ ಕೊಡಿಸಿದಳು. ಪುಟ್ಟಿ ಕಿಟಕಿ ಪಕ್ಕ ಕೂತು ಒಂದು ಕಚ್ಚು ಕಚ್ಚಿದಳು, ಅಗಿದಳು, ಮುಖ ಸಿಂಡರಿಸಿದಳು.

"ಖಾರ. ಪಡ್ಡೇ ಚೆನ್ನಾಗಿರುತ್ತೆ" ಅಂತ ನನ್ನ ಕೈಗೆ ಕೊಟ್ಟಳು.